ಚಿತ್ರಶಾಲೆಯ ಗ್ರಂಥವೂ ಅದರ ಅಧಿಕಾರಿಯೂ

ಗಂಗಾನಗರಕ್ಕೆ ನೆರೆಯಾದ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ದೊರೆಯಿತು. ಅದು ಗಂಗದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು. ಯಾವ ಅರಸನ ಆಳಿಕೆ, ಯಾವ ನಾಡು, ಕಾದಿ ಮಡಿದವನು ಯಾರು ಎಂಬುದನ್ನು ಆ ಕಲ್ಲೇ ಕನ್ನಡದಲ್ಲಿ ಹೇಳುತ್ತದೆ. ಕಿತ್ತಯ್ಯನ ಹೆಸರು ಉಳಿದುಬಂದುದು ಹೀಗೆ. ಶಿಲ್ಪವೂ ಅದರ ವಿವರಣೆಯೂ ಒಂದೇ ಶಿಲೆಯಲ್ಲಿ, ನೆಲದ ನುಡಿಯಲ್ಲಿಯೇ ಇವೆ. ಕಲಾಸಂಗ್ರಹಾಲಯಗಳು ಪ್ರಕಟಿಸುವ ಗ್ರಂಥಗಳನ್ನು ಪರೀಕ್ಷಿಸಲು ಇದು ತಕ್ಕ ಒರೆಗಲ್ಲು.

ಪ್ರದರ್ಶನವು ಕೆಲವು ವಾರಗಳ ಹಬ್ಬ. ಚಿತ್ರಗಳು ಗೋಡೆಯಿಂದಿಳಿದು ಉಗ್ರಾಣಕ್ಕೋ ಒಡೆಯರ ಮನೆಗೋ ಹಿಂದಿರುಗಿದ ಮೇಲೆ ಉಳಿಯುವುದು ಅದರ ಕ್ಯಾಟಲಾಗು, ಅಂದರೆ ವಿವರಣಗ್ರಂಥ, ಒಂದೇ. ಆದುದರಿಂದ ಅದನ್ನು ಉತ್ಸವದ ಕಾಣಿಕೆಯೆಂದೆಣಿಸದೆ ಶಾಸ್ತ್ರಗ್ರಂಥವೆಂದೇ ಎಣಿಸತಕ್ಕದ್ದು. ಅಂತಹ ಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಪೂರ್ವಿಕರು ವಿಧಿಸಿರುವರು.

ವಿಷಯಕ್ಕೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. 1865ರ ಸರ್ಕಾರಿ ವಸ್ತುಸಂಗ್ರಹಾಲಯದಿಂದ ಹಿಡಿದು 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದವರೆಗೆ ನೋಡತಕ್ಕದ್ದು ಹೇರಳವಾಗಿದೆ. ಪ್ರಯೋಜನವೆಂದರೆ ಕೃತಿಯು ಕಣ್ಣೆದುರಿಗಿಲ್ಲದಾಗಲೂ ಅದನ್ನು ತಿಳಿಯುವುದು. ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಪುಟದಲ್ಲಿ ಸಮವಾಗಿ ಕಾಣುವುದರಿಂದ, ಅಳತೆಯ ಅಂಕೆಗಳೇ ಇಲ್ಲಿ ಪ್ರಾಣ. ಚಿತ್ರವನ್ನು ಎರಡು ಪುಟಗಳಿಗೆ ಹರಡಿ, ಅದರ ಮುಖವನ್ನು ಹೊಲಿಗೆಯ ಸಂದಿಗೆ ಸಿಕ್ಕಿಸಿದರೆ ಅದು ಸಂಬಂಧದೋಷ. ಆದರೆ ಇವೆಲ್ಲ ತಿದ್ದಬಹುದಾದ ದೋಷಗಳು. ತೊಡಕಿರುವುದು ನಾಲ್ಕನೆಯದರಲ್ಲಿ.

ಈ ಗ್ರಂಥಗಳಿಗೆ ಅಧಿಕಾರಿ ಯಾರು? ಕೆ. ವೆಂಕಟಪ್ಪನವರನ್ನು (1886–1965) ನೆನೆಯಬಹುದು. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ಊಟಿ, ಕೊಡೈಕನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದವರು, ವೀಣೆಗೂ ಒಲಿದವರು. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನಲ್ಲಿಯೇ ಇದೆ. ಆದರೂ ಅವರ ಕಲೆಯನ್ನು ವಿವರವಾಗಿ ಓದಬಯಸುವ ಕನ್ನಡದ ಮನೆಗೆ ಹೆಚ್ಚಾಗಿ ಸಿಗುವುದು ಇಂಗ್ಲಿಷ್ ಪುಸ್ತಕವೇ. ಚಿತ್ರವನ್ನು ನೋಡಲು ಅಧಿಕಾರವುಳ್ಳವನಿಗೆ ಅದನ್ನು ಓದಿ ತಿಳಿಯಲು ಅಧಿಕಾರವಿಲ್ಲವೆಂದರೆ ಅದು ನ್ಯಾಯವೆನಿಸದು.

ಇಂಗ್ಲಿಷಿನಿಂದ ಕೀರ್ತಿ ದೂರ ಹರಡುವುದೆಂಬ ಮಾತು ಸತ್ಯ. ಆದರೆ ಒಂದನ್ನು ಕೊಡಲು ಇನ್ನೊಂದನ್ನು ಬಿಡಬೇಕಾಗಿಲ್ಲ. ರೈಸ್ ಸಾಹೇಬರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಹೊರತಂದಾಗ ಇಂಗ್ಲಿಷ್ ಅನುವಾದದೊಡನೆ ಮೂಲಪಾಠವನ್ನು ಕನ್ನಡ ಅಕ್ಷರಗಳಲ್ಲಿಯೂ ಅಚ್ಚುಮಾಡಿಸಿದರು. ಆರ್. ನರಸಿಂಹಾಚಾರ್ಯರ ನಿದರ್ಶನವು ಇನ್ನೂ ಬೋಧಪ್ರದವಾದುದು. ಸೋಮನಾಥಪುರದ ಕೇಶವಾಲಯವನ್ನು ಕುರಿತು 1917ರಲ್ಲಿ ಅವರು ಬರೆದುದು ಇಂಗ್ಲಿಷಿನಲ್ಲಿ. 1907ರಲ್ಲಿ ಮೊದಲಾದ ಕವಿಚರಿತೆಯಾದರೋ ಕನ್ನಡದಲ್ಲಿ. ಕವಿಗಳ ಕಾಲ, ಕೃತಿ, ಆಶ್ರಯಗಳನ್ನು ಕನ್ನಡಿಗರು ತಮ್ಮ ನುಡಿಯಲ್ಲಿಯೇ ಚರ್ಚಿಸುವಂತಾದುದಕ್ಕೆ ಆ ಗ್ರಂಥವು ದೊಡ್ಡ ಆಧಾರ. ಚಿತ್ರಕಾರರಿಗೆ ಅಂತಹ ಚರಿತೆಯು ಬೇಕಾಗಿದೆ.

ಪರಿಭಾಷೆಯಿಲ್ಲವೆಂಬ ಆಕ್ಷೇಪವೂ ನಿಲ್ಲದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ಮಾನಸೋಲ್ಲಾಸದೊಳಗೆ ಗೋಡೆಯ ಲೇಪ, ಬಣ್ಣ, ಕುಂಚಗಳನ್ನು ವಿವರಿಸಿದನು. ಮೈಸೂರು ಚಿತ್ರಗಳಿಗೆ ಉಬ್ಬುಗೆಲಸ ಮಾಡಿ ಚಿನ್ನದ ರೇಕು ಹಚ್ಚುವ ಕುಶಲರ ಬಾಯಲ್ಲಿಯೂ ತಕ್ಕ ಮಾತುಗಳಿವೆ. ಅವು ಗ್ರಂಥಸ್ಥವಾಗದಿದ್ದರೆ ಆ ಕೈಗಳೊಡನೆಯೇ ಅಳಿಯುವುವು.

ಬೇಕಾದುದು ಮಹಾಗ್ರಂಥವಲ್ಲ. ಪ್ರತಿ ಪ್ರದರ್ಶನಕ್ಕೂ ಕೃತಿಯ ಸಂಖ್ಯೆ, ಹೆಸರು, ಕಾಲ, ಸಾಮಗ್ರಿ, ಅಳತೆಗಳುಳ್ಳ, ವಿದ್ಯಾರ್ಥಿಯೂ ಕೊಳ್ಳಬಹುದಾದ ಒಂದು ಕಿರುಹೊತ್ತಗೆ ಕನ್ನಡದಲ್ಲಿ ಬಂದರೆ ಸಾಕು. ಹೆಬ್ಬಾಳದ ಕಲ್ಲಿನಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.