ನಾಮಾನ್ವೇಷಣೆ

ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಲೇ ಊರೂರಿನ ಮಠಮನೆಗಳಲ್ಲಿ ಧೂಳು ಹಿಡಿದು ಬಿದ್ದಿದ್ದ ತಾಳೆಯೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರ ಹೆಸರನ್ನು, ಅದೇ ನಗರದಲ್ಲಿ 1980ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜೊಂದು ಇಂದು ಧರಿಸಿಕೊಂಡಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಇಂಥ ವಿದ್ಯಾಲಯಗಳಿಗೆ ಬಂದು ಕೋಡ್ ಬರೆಯಲು ಕಲಿಯುವ ತರುಣರ ಕೈಗೆ ಬೇಗನೆ ಹತ್ತುವ ಒಂದು ಅಭ್ಯಾಸವುಂಟು: ಎಡಿಟರಿನಲ್ಲಿ ಒಂದು ವೇರಿಯೇಬಲ್ಲಿನ ಮೇಲೆ ಕರ್ಸರನ್ನಿರಿಸಿ ಶಿಫ್ಟ್ ಮತ್ತು ಎಫ್12 ಕೀಲಿಗಳನ್ನು ಒಟ್ಟಿಗೆ ಒತ್ತುವುದು, ಒತ್ತಿದ ಕ್ಷಣಾರ್ಧದಲ್ಲಿ ಆ ವೇರಿಯೇಬಲ್ ಎಲ್ಲೆಲ್ಲಿ ಪ್ರಯೋಗವಾಗಿದೆಯೋ ಅಲ್ಲಲ್ಲಿನ ಸಾಲುಗಳೆಲ್ಲವೂ ಪಟ್ಟಿಯಾಗಿ ಬಂದು ನಿಲ್ಲುವುದು. ಓಲೆಗರಿಗಳ ಮೇಲೆ ಕಣ್ಣು ಸವೆಸಿದ ಹಿರಿಯರ ಪರಿಶ್ರಮವನ್ನೂ ಈ ಕೀಲಿಯ ಒತ್ತನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅವಿನಯವೆಂದು ಕೆಲವರಿಗೆ ತೋರೀತು. ಆದರೂ ಎರಡರ ಹಿಂದೆಯೂ ನಿಂತಿರುವ ಪ್ರಶ್ನೆ ಒಂದೇ ಆಗಿದೆ: ಇಲ್ಲಿ ಕಾಣುತ್ತಿರುವ ಈ ಹೆಸರು ಯಾರದು?

ಹೆಸರನ್ನು ಬರಿಯ ಅಕ್ಷರಗಳ ಸಾಲೆಂದು ಭಾವಿಸಿ ಹುಡುಕುವ ವಿದ್ಯೆ ಹಳೆಯದು. 1973ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ರಚಿಸಿದ ‘ಗ್ರೆಪ್’ ಎಂಬ ಉಪಕರಣ ಇಂದಿಗೂ ಪ್ರೋಗ್ರಾಮರುಗಳ ನಿತ್ಯಸಂಗಾತಿಯಾಗಿರುವುದು ಅದರ ಸರಳತೆಯಿಂದಲೇ. ಕೇಳಿದ ಅಕ್ಷರಗಳು ಎಲ್ಲಿ ಕಂಡರೂ ಅದು ತೋರಿಸುತ್ತದೆ, ಅರ್ಥದ ಗೊಡವೆಗೆ ಹೋಗುವುದಿಲ್ಲ. ಇಂಡಿಯ ನಿಂಬೆಹಣ್ಣಿನ ವ್ಯಾಪಾರಿಯೊಬ್ಬನ ಲೆಕ್ಕಕ್ಕೆಂದು ಬರೆದ ಪ್ರೋಗ್ರಾಮೊಂದನ್ನು ಊಹಿಸಿಕೊಂಡರೆ ಇದರ ತೊಡಕು ಸ್ಪಷ್ಟವಾಗುತ್ತದೆ. ಹಣ್ಣಿನ ಬೆಲೆ ಕಟ್ಟುವ ಫಂಕ್ಷನ್ನಿನಲ್ಲಿ ‘ದರ’ ಎಂಬುದೊಂದು ವೇರಿಯೇಬಲ್. ರೈತನಿಗೆ ಕೊಟ್ಟ ಮುಂಗಡದ ಬಡ್ಡಿಯನ್ನೆಣಿಸುವ ಫಂಕ್ಷನ್ನಿನಲ್ಲಿಯೂ ‘ದರ’ವೆಂಬುದೇ ಇನ್ನೊಂದು. ಗ್ರೆಪ್ಪಿಗೆ ಇವೆರಡೂ ಅಭಿನ್ನ. ಸಾಲದೆಂಬಂತೆ, ಟಿಪ್ಪಣಿಯ ಸಾಲಿನಲ್ಲಿ ಯಾರಾದರೂ ‘ಆದರೆ’ ಎಂದು ಬರೆದಿದ್ದರೆ ಅದರ ಹೊಟ್ಟೆಯೊಳಗಿನ ‘ದರ’ವನ್ನೂ ಹೆಕ್ಕಿ ತಂದು ಮುಂದಿಡುತ್ತದೆ. ಎಡಿಟರಿನ ಅನ್ವೇಷಣೆಯಾದರೋ ಭಾಷೆಯ ವ್ಯಾಕರಣವನ್ನರಿತು ಕೋಡನ್ನು ವಿಶ್ಲೇಷಿಸಿ, ಯಾವ ಹೆಸರು ಯಾವ ಘೋಷಣೆಗೆ ಸೇರಿದುದು, ಅದರ ಅಧಿಕಾರವ್ಯಾಪ್ತಿ ಎಲ್ಲಿಂದ ಎಲ್ಲಿಯವರೆಗೆ, ಒಳಗಿನ ಹೆಸರೊಂದು ಹೊರಗಿನ ಹೆಸರನ್ನು ಎಲ್ಲಿ ಮರೆಮಾಡಿದೆ ಎಂಬುದನ್ನೆಲ್ಲ ನಿರ್ಣಯಿಸಿದ ಮೇಲೆ ಉತ್ತರ ಕೊಡುತ್ತದೆ. ಬಡ್ಡಿಯ ದರವನ್ನು ಕೇಳಿದವನಿಗೆ ಹಣ್ಣಿನ ದರ ಕಾಣಿಸದು. ರೂಪಸಾಮ್ಯವನ್ನು ದಾಟಿ ವಸ್ತುವಿನ ಅನನ್ಯತೆಯನ್ನು ಹಿಡಿಯುವ ಈ ವಿವೇಚನೆಯೇ ಅದರ ಮಹಾಗುಣ.

ಈ ವಿವೇಚನೆ ಎಷ್ಟು ದುರ್ಲಭವಾದುದೆಂಬುದನ್ನು ಅರಿಯಲು ವಚನಗಳ ಅಂಕಿತಗಳನ್ನೇ ನೋಡಬಹುದು. ‘ಸಂಗಯ್ಯ’ ಎಂಬ ಅಕ್ಷರಸಮೂಹವನ್ನು ವಚನರಾಶಿಯಲ್ಲಿ ಹುಡುಕಹೊರಟವನಿಗೆ ಮೊದಲು ದೊರೆಯತಕ್ಕದ್ದು ನೀಲಮ್ಮನ ಅಂಕಿತ. ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ, ಕೃಷ್ಣೆಯ ತಡಿಯಲ್ಲಿ, ಐಕ್ಯಳಾದಳೆಂದು ಪರಂಪರೆ ಹೇಳುವ ಆಕೆಯದು ಬರಿಯ ‘ಸಂಗಯ್ಯ’. ಅದರೊಡನೆಯೇ, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ‘ಕೂಡಲಸಂಗಯ್ಯ’, ಚೆನ್ನಬಸವಣ್ಣನ ‘ಕೂಡಲಚೆನ್ನಸಂಗಯ್ಯ’, ಅಕ್ಕನಾಗಮ್ಮನ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಇವೆಲ್ಲವೂ ಒಂದೇ ಬಲೆಯಲ್ಲಿ ಬಂದು ಬೀಳುತ್ತವೆ. ಬಸವಣ್ಣ ‘ಕೂಡಲಸಂಗಮದೇವ’ನೆಂದು ಕರೆದ ಕಡೆಗಳು ಮಾತ್ರ ತಪ್ಪಿಹೋಗುತ್ತವೆ. ನಾಲ್ವರನ್ನು ಒಬ್ಬರನ್ನಾಗಿಸುವ, ಒಬ್ಬನನ್ನು ಇಬ್ಬರನ್ನಾಗಿಸುವ ಈ ಎರಡು ಬಗೆಯ ಪ್ರಮಾದಗಳಿಂದ ಪಾಠವನ್ನು ಪಾರುಗಾಣಿಸುವುದೇ ಸಂಪಾದಕನ ಧರ್ಮ. ಸಿಂದಗಿ ತಾಲೂಕಿನಲ್ಲಿ ಜನಿಸಿದ ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳ ಹಿಂದೆ ಅನೇಕ ವಿದ್ವಾಂಸರ ವರ್ಷಗಟ್ಟಲೆಯ ದುಡಿಮೆ ಅಡಗಿರುವುದು ಇಂಥ ನಿರ್ಣಯಗಳಿಗಾಗಿ. ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳು ಮನುಷ್ಯಭಾಷೆಗಿಂತ ಕಟ್ಟುನಿಟ್ಟಾಗಿರುವುದರಿಂದಲೇ ಯಂತ್ರಕ್ಕೆ ಆ ಕೆಲಸ ಕ್ಷಣದಲ್ಲಿ ಸಾಧ್ಯವಾಗಿದೆಯೆಂಬುದನ್ನು ಮರೆಯಲಾಗದು. ಅದರ ಜಾಣ್ಮೆಯ ಅರ್ಧಪಾಲು ಭಾಷೆಯನ್ನು ನಿರ್ಮಿಸಿದವರದು.

ನಿಯಮ ಸಡಿಲವಾದ ಕಡೆ ಜಾಣ್ಮೆಯೂ ಸಡಿಲುವುದು ಸಹಜ. ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ವಸ್ತುವಿನ ಅಂಗವೊಂದರ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರಿಯ ಪಠ್ಯವಾಗಿ ಬರೆದು, ಅಥವಾ ಎರಡು ತುಣುಕುಗಳನ್ನು ಜೋಡಿಸಿ ಪ್ರೋಗ್ರಾಮು ನಡೆಯುತ್ತಿರುವಾಗಲೇ ಸೃಷ್ಟಿಸಿ, ಆ ಮೂಲಕ ಅಂಗವನ್ನು ಕರೆಯುವ ಪದ್ಧತಿಯುಂಟು. ಓಡುವ ಮೊದಲು ಇಲ್ಲದ ಹೆಸರನ್ನು ಓಡಿಸದೆಯೇ ಓದುವ ಎಡಿಟರು ಕಾಣುವುದೆಂತು? ಡೇಟಾಬೇಸಿಗೆ ಕಳುಹಿಸುವ ಪ್ರಶ್ನೆಯೊಳಗೆ ಪಠ್ಯವಾಗಿ ಕುಳಿತ ಹೆಸರುಗಳ ಪಾಡೂ ಬಹುಮಟ್ಟಿಗೆ ಇದೇ. ಇಲ್ಲಿ ನನ್ನ ಆಕ್ಷೇಪ ಅಸಾಮರ್ಥ್ಯದ ಬಗೆಗಲ್ಲ, ಅದನ್ನು ಹೇಳಿಕೊಳ್ಳದ ಗಾಂಭೀರ್ಯದ ಬಗೆಗೆ. ಉಲ್ಲೇಖಗಳು ಇಲ್ಲವೆಂದು ಎಡಿಟರು ನುಡಿದಾಗ ‘ನಾನು ನೋಡಬಲ್ಲ ಕಡೆಗಳಲ್ಲಿ’ ಎಂಬ ವಿಶೇಷಣವನ್ನು ಅದು ಸೇರಿಸುವುದಿಲ್ಲ. ಆ ಮಾತನ್ನು ನಂಬಿ ಎಳೆಯ ಪ್ರೋಗ್ರಾಮರನು ನಿರುಪಯುಕ್ತವೆಂದು ಅಳಿಸಿಹಾಕಿದ ಸಾಲು, ತಿಂಗಳ ಕೊನೆಯ ಲೆಕ್ಕದ ದಿನ ತನ್ನ ಅಭಾವದಿಂದಲೇ ಪ್ರತ್ಯಕ್ಷವಾಗುತ್ತದೆ. ಹೆಸರು ತುಣುಕಾಗದೆ ಇಡಿಯಾಗಿ ಪಠ್ಯದಲ್ಲಿರುವ ಇಂಥಲ್ಲಿ ವಿವೇಕಶೂನ್ಯವಾದ ಗ್ರೆಪ್ಪೇ ಹೆಚ್ಚು ವಿಶ್ವಾಸಾರ್ಹ.

ಇದಕ್ಕಿಂತ ಗುರುತರವಾದ ಕೊರತೆ ಪಟ್ಟಿಯ ಸ್ವರೂಪದಲ್ಲಿಯೇ ಇದೆ. ವೇರಿಯೇಬಲ್ಲಿನ ಮೌಲ್ಯವೇಕೆ ತಪ್ಪಾಯಿತೆಂದು ಹುಡುಕುತ್ತಿರುವವನಿಗೆ ಬೇಕಾದುದು ಆ ಮೌಲ್ಯವನ್ನು ಬದಲಾಯಿಸಿದ ಎರಡೋ ಮೂರೋ ಸ್ಥಳಗಳು. ಅದನ್ನು ಸುಮ್ಮನೆ ಓದಿಕೊಂಡ ನಲವತ್ತು ಸ್ಥಳಗಳಲ್ಲ. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು ಸೇರಿ ಪ್ರಚುರಪಡಿಸಿದ, ಈಗ ಬಹುತೇಕ ಎಡಿಟರುಗಳು ಅನುಸರಿಸುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಈ ಭೇದವನ್ನು ಅರಿಯದುದೇನೂ ಅಲ್ಲ; ತೆರೆದಿರುವ ಒಂದು ಕಡತದೊಳಗೆ ಹೆಸರನ್ನು ಬಣ್ಣಗೊಳಿಸಿ ತೋರಿಸುವಾಗ ಇದು ಓದು, ಇದು ಬರಹ ಎಂದು ವಿಂಗಡಿಸಿ ಹೇಳಲು ಅದರಲ್ಲಿ ಅವಕಾಶವಿದೆ. ಆದರೆ ಸಮಸ್ತ ಉಲ್ಲೇಖಗಳನ್ನು ಕೇಳಿದಾಗ ಅದು ಕೊಡಮಾಡುವುದು ಕಡತದ ಹೆಸರು, ಸಾಲು, ಅಕ್ಷರಸ್ಥಾನ ಇಷ್ಟನ್ನೇ. ಒಂದು ಪುಟದಲ್ಲಿ ತೋರಿದ ವಿವೇಕವನ್ನು ಗ್ರಂಥಕ್ಕೆಲ್ಲ ವಿಸ್ತರಿಸಬೇಕಾದಾಗ ಕೈಬಿಟ್ಟಂತಾಯಿತು. ಕೆಲವು ಎಡಿಟರುಗಳು ತಮ್ಮದೇ ಏರ್ಪಾಡಿನಿಂದ ಈ ವಿಂಗಡಣೆಯನ್ನು ಒದಗಿಸುತ್ತವೆಯೆಂಬುದು ಸಂತೋಷ. ಅವುಗಳಿಗಿದ್ದ ಕಾಳಜಿ ಸಾಮಾನ್ಯ ನಿಯಮಕ್ಕೇ ಇದ್ದಿದ್ದರೆ ಲೇಸಾಗುತ್ತಿತ್ತು.

ಕನ್ನಡಿಗನಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ವೇರಿಯೇಬಲ್ಲುಗಳನ್ನು ಕನ್ನಡ ಲಿಪಿಯಲ್ಲಿಯೇ ಹೆಸರಿಸಲು ಪೈಥಾನ್ 3ರಲ್ಲಿಯೂ ಜಾವಾಸ್ಕ್ರಿಪ್ಟಿನಲ್ಲಿಯೂ ಅಡ್ಡಿಯಿಲ್ಲ. ‘ಮೊತ್ತ’ ಎಂದು ಬರೆದೆವೆನ್ನಿ. ಯೂನಿಕೋಡಿನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಕೊಂಬುಗಳೆಂಬ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಪೈಥಾನ್ ಇವೆರಡನ್ನೂ ಸಮೀಕರಿಸಿ ಒಂದೇ ಹೆಸರೆಂದು ಗಣಿಸುತ್ತದೆ. ಜಾವಾಸ್ಕ್ರಿಪ್ಟ್ ಹಾಗೆ ಮಾಡುವುದಿಲ್ಲ. ಅದರ ಲೆಕ್ಕದಲ್ಲಿ ಇವು ಬೇರೆ ಬೇರೆ ವೇರಿಯೇಬಲ್ಲುಗಳು. ಹೀಗಾಗಿ ಇಬ್ಬರು ಗೆಳೆಯರು ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಿಂದ ಟೈಪಿಸಿದ ಒಂದೇ ‘ಮೊತ್ತ’ ಎರಡಾಗಿ ಒಡೆದುಕೊಂಡು, ಉಲ್ಲೇಖಗಳ ಪಟ್ಟಿಯಲ್ಲಿ ಅರ್ಧ ಮಾತ್ರ ಕಾಣಿಸಿಕೊಳ್ಳುವ ಸಂಭವವುಂಟು. ವಿಚಿತ್ರವೆಂದರೆ, ಆಗ ಎಡಿಟರು ಹೇಳಿದ್ದೇ ಸತ್ಯ. ಕಣ್ಣು ಹೇಳಿದ್ದೇ ಸುಳ್ಳು.

ಉಲ್ಲೇಖಗಳನ್ನೆಲ್ಲ ಬಲ್ಲ ಎಡಿಟರಿಗೆ ಹೆಸರನ್ನೇ ಬದಲಾಯಿಸುವ ಅಧಿಕಾರವೂ ಸಹಜವಾಗಿ ಪ್ರಾಪ್ತವಾಗಿದೆ: ಎಫ್2 ಒತ್ತಿ ಹೊಸ ಹೆಸರನ್ನು ಕೊಟ್ಟರೆ ಸಾಕು, ನೂರು ಕಡೆ ಒಮ್ಮೆಗೇ ಮಾರ್ಪಾಡು. ವೇರಿಯೇಬಲ್ಲಿನ ಹೆಸರು ಯಂತ್ರಕ್ಕೆ ಬರಿಯ ಗುರುತಾದುದರಿಂದ ಪ್ರೋಗ್ರಾಮಿನ ನಡೆಯಲ್ಲಿ ವ್ಯತ್ಯಾಸವಾಗದು. ಹೆಸರು ಬರಿಯ ಗುರುತಾಗಿರದ ಕಡೆ ಏನಾಗುವುದೆಂಬುದನ್ನು ಕರ್ನಾಟಕ ಕಂಡಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ದ ಸ್ಥಾನದಲ್ಲಿ ‘ಲಿಂಗದೇವ’ನೆಂಬ ಅಂಕಿತವನ್ನಿರಿಸಿದಾಗ ವಿವಾದವೆದ್ದು, 1998ರಲ್ಲಿ ಸರ್ಕಾರ ಆ ಗ್ರಂಥವನ್ನು ನಿಷೇಧಿಸಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಮುದ್ರಿತ ಪುಟಗಳಲ್ಲಿ ಬದಲಾವಣೆ ಪರಿಪೂರ್ಣವಾಗಿದ್ದಿರಬಹುದು. ಆದರೆ ಆ ಹೆಸರಿನ ಉಲ್ಲೇಖಗಳು ಪುಟಗಳಲ್ಲಷ್ಟೇ ಇರಲಿಲ್ಲ, ಜನರ ನಾಲಗೆಯ ಮೇಲೆಯೂ ಇದ್ದವು. ಪ್ರೋಗ್ರಾಮುಗಳಿಗೂ ಇಂಥ ಹೊರಪ್ರಪಂಚ ಇಲ್ಲದಿಲ್ಲ. ಒಂದು ಹೆಸರು ಡೇಟಾಬೇಸಿನ ಅಂಕಣವಾಗಿಯೋ, ಪರರು ತಮ್ಮ ಪ್ರೋಗ್ರಾಮಿನಿಂದ ಕರೆಯುವ ಫಂಕ್ಷನ್ನಾಗಿಯೋ ಮನೆ ದಾಟಿ ಹೋದ ಮೇಲೆ ಅದರ ಉಲ್ಲೇಖಗಳು ಅನ್ಯರ ಗಣಕಗಳಲ್ಲಿ ಬೇರೂರುತ್ತವೆ. ಎಫ್2 ಕೀಲಿಯ ಅಧಿಕಾರವಾದರೋ ಎಡಿಟರಿನಲ್ಲಿ ತೆರೆದಿಟ್ಟ ಫೋಲ್ಡರಿನ ಗಡಿಯವರೆಗೆ ಮಾತ್ರ.