ಜಾಣ್ಮೆ ನಿಮ್ಮದು, ಕಮಿಷನ್ ಅವರದು

"ಇದು ಕೌಶಲದ ಆಟ ಸ್ವಾಮಿ, ಜೂಜಲ್ಲ." ಈ ಮಾತನ್ನು ದಾವಣಗೆರೆಯ ಟೀ ಅಂಗಡಿಯಿಂದ ಹಿಡಿದು ದೆಹಲಿಯ ಸುಪ್ರೀಂ ಕೋರ್ಟ್ ತನಕ ಎಲ್ಲ ಕಡೆ ಹೇಳಿದ್ದಾರೆ. ಕೋರ್ಟಿನಲ್ಲಿ ಹೇಳೋರು ಲಕ್ಷಗಟ್ಟಲೆ ಫೀಸಿನ ವಕೀಲರು, ಟೀ ಅಂಗಡಿಯಲ್ಲಿ ಹೇಳೋರು ಹೋದ ವಾರವಷ್ಟೇ ಸಾವಿರ ರೂಪಾಯಿ ಕಳಕೊಂಡ ಹುಡುಗರು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂದರೆ ಅನುಮಾನ ಪಡಬೇಕು ಅನ್ನೋದು ನನ್ನ ವಾದ.

ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಿದ್ದು ನೆನಪಿದೆಯಲ್ವಾ? 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ! ಹಳ್ಳಿಯಲ್ಲಿ ಒಂದು ಬೀದಿ ದೀಪ ಹಾಕಿಸೋಕೆ ಇದಕ್ಕಿಂತ ಹೆಚ್ಚು ದಿನ ಬೇಕು. ದುಡ್ಡು ಕಟ್ಟಿ ದುಡ್ಡಿನ ಆಸೆಗೆ ಆಡುವ ಯಾವ ಆನ್‌ಲೈನ್ ಆಟವೇ ಆಗಲಿ, ಅದು ಕೌಶಲದ್ದೋ ಅದೃಷ್ಟದ್ದೋ ಎರಡೂ ಸೇರಿದ್ದೋ, ನಡೆಸುವಂತಿಲ್ಲ ಅಂತ ಕಾಯ್ದೆ ಹೇಳಿತು. ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಆಮೇಲೆ ಕಂಪನಿಗಳು ನಮ್ಮ ಹೈಕೋರ್ಟ್ ಸೇರಿ ಬೇರೆ ಬೇರೆ ಹೈಕೋರ್ಟುಗಳ ಮೆಟ್ಟಿಲು ಹತ್ತಿದವು, ಸುಪ್ರೀಂ ಕೋರ್ಟ್ ಎಲ್ಲ ಅರ್ಜಿಗಳನ್ನೂ ತನ್ನ ಹತ್ತಿರವೇ ತರಿಸಿಕೊಂಡಿತು.

ಆವತ್ತಿಂದ ಈ ಕಡೆ ನಾನು ಕೇಳುತ್ತಿರುವ ಅಭಿಪ್ರಾಯ ಮುಖ್ಯವಾಗಿ ಮೂರು. ಒಂದು, ಜಾಣ ಗೆಲ್ತಾನೆ, ದಡ್ಡ ಸೋಲ್ತಾನೆ, ಸರ್ಕಾರಕ್ಕೇನು ಕೆಲಸ? ಎರಡು, ಮೊಬೈಲ್ ಗೇಮ್ ಅಂದ್ರೇನೇ ಹಾಳು, ಎಲ್ಲಾ ಬಂದ್ ಮಾಡಬೇಕು. ಮೂರು, ಬ್ಯಾನ್ ಮಾಡಿದ್ರೆ ಏನೂ ಆಗಲ್ಲ, ಕಳ್ಳದಾರಿ ಇದ್ದೇ ಇರ್ತದೆ. ಮೂರರಲ್ಲೂ ಸ್ವಲ್ಪ ಸತ್ಯ ಇದೆ. ಮೂರೂ ಲೆಕ್ಕದ ಪುಸ್ತಕ ತೆರೆಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ ಅನ್ನೋದು ನನ್ನ ತಕರಾರು.

ಮೊದಲು ಕೌಶಲದ ಮಾತು. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ಹಾಕಿದ್ದ ಕೇಸು ಅದು. ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಅಂತ ಲೆಕ್ಕ ಹಾಕಬೇಕು, ಹಾಗಾಗಿ ಇದರಲ್ಲಿ ಕೌಶಲವೇ ಹೆಚ್ಚು ಅಂದಿತು ಕೋರ್ಟು. ಇದನ್ನು ಎಲ್ಲಾ ಕಂಪನಿಗಳೂ ಐವತ್ತು ವರ್ಷ ಆದಮೇಲೂ ತಾಯಿತದ ಹಾಗೆ ಕಟ್ಟಿಕೊಂಡು ಓಡಾಡಿದವು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಪಣಕ್ಕಿಟ್ಟು ಆಡುವ ಆಟದಿಂದ ಜಾಗದ ಮಾಲೀಕನೋ ಕ್ಲಬ್ಬೋ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಆಗಬಹುದು ಅಂತ. ಆ ಕ್ಲಬ್ಬು ಸಣ್ಣ ಶುಲ್ಕ ತಗೊಳ್ಳುತ್ತಿತ್ತು ಅಷ್ಟೇ, ಅದನ್ನು ಕೋರ್ಟು ಲಾಭ ಅಂತ ಎಣಿಸಲಿಲ್ಲ. ತಾಯಿತದಲ್ಲಿ ಈ ಎರಡನೇ ಮಾತನ್ನು ಯಾರೂ ಬರೆಸಿಕೊಳ್ಳಲಿಲ್ಲ.

ಕರ್ನಾಟಕ ಸರ್ಕಾರವೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟ ನಿಲ್ಲಿಸಲು ನೋಡಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಗಂಟಿಗೆ ಕಟ್ಟುವ ಹಾಗಿಲ್ಲ ಅನ್ನೋದು ಅಲ್ಲಿನ ತರ್ಕ. ಕಾನೂನಿನ ಭಾಷೆಯಲ್ಲಿ ಅದು ಸರಿಯೇ ಇರಬಹುದು. ಆದರೆ ಕೋರ್ಟಿನ ಮುಂದೆ ಬಂದ ಪ್ರಶ್ನೆ "ಆಟದಲ್ಲಿ ಬುದ್ಧಿ ಬೇಕಾ?" ಅನ್ನೋದು. ಊರಿನವರ ಪ್ರಶ್ನೆ ಬೇರೆ.

ನಮ್ಮೂರಿನ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದ್ದರು. "ಕಂಪ್ಯೂಟರ್ ಓದ್ಕೆಂಡಿಯಲ್ಲಪ್ಪಾ, ನೀನಾರ ಹೇಳು. ಮೆಕ್ಕೆಜೋಳದ ರೊಕ್ಕ ಮನೆಗೆ ಕಳ್ಳ ಬರ್ಲಿಲ್ಲ, ಹುಡುಗ ಕುಡೀಲಿಲ್ಲ, ಎಲ್ಲಿಗೆ ಹೋತು ಅದು?" ಕೌಶಲ, ಅದೃಷ್ಟ, ಸಂವಿಧಾನದ 19ನೇ ವಿಧಿ, ಇದ್ಯಾವುದೂ ಆ ಪ್ರಶ್ನೆಗೆ ಉತ್ತರ ಅಲ್ಲ. ದುಡ್ಡು ಎಲ್ಲಿಗೆ ಹೋಯ್ತು? ಅದನ್ನು ಲೆಕ್ಕ ಹಾಕಿಯೇ ನೋಡೋಣ.

ಉದಾಹರಣೆಗೆ ಹತ್ತು ಜನ ತಲಾ 50 ರೂಪಾಯಿ ಹಾಕಿದರು ಅಂದುಕೊಳ್ಳಿ. ಒಟ್ಟು 500. ಆಪ್‌ನವರು 15 ಪರ್ಸೆಂಟ್ ಹಿಡಕೊಂಡರೆ 75 ರೂಪಾಯಿ ಮೊದಲೇ ಹೊರಗೆ ಹೋಯ್ತು. ಉಳಿದ 425ರಲ್ಲಿ ಹತ್ತು ಜನ ಹೊಡೆದಾಡಬೇಕು. ಹತ್ತೂ ಜನ ಸರಿಸಮ ಜಾಣರಾದರೆ ಒಂದು ಆಟಕ್ಕೆ ಸರಾಸರಿ ಏಳೂವರೆ ರೂಪಾಯಿ ಪ್ರತಿಯೊಬ್ಬನಿಗೂ ಲಾಸು. ನೂರು ಆಟ ಆಡಿದರೆ ತಲಾ 750 ಖಲಾಸ್. ಯಾರೂ ಮೋಸ ಮಾಡಿಲ್ಲ, ಯಾರೂ ದಡ್ಡರಲ್ಲ, ಆದರೂ ಹತ್ತು ಜನರ ಜೇಬಿನಿಂದ 7,500 ರೂಪಾಯಿ ಆಪ್‌ನ ಜೇಬಿಗೆ ಹೋಗಿದೆ. ಇನ್ನು ಒಬ್ಬ ನಿಜವಾಗಲೂ ಜಾಣ ಇದ್ದರೆ? ಅವನು ಗೆಲ್ತಾನೆ, ಒಪ್ಪಿದೆ. ಆದರೆ ಅವನ ಗೆಲುವೂ, ಆಪ್‌ನ ಕಮಿಷನ್ನೂ, ಎರಡೂ ಉಳಿದ ಒಂಬತ್ತು ಜನರಿಂದಲೇ ಬರಬೇಕು. ದುಡ್ಡು ಮೊಬೈಲಿನೊಳಗೆ ಹುಟ್ಟಲ್ಲ.

ಹರಿಹರದವರಿಗೆ ಕೌಶಲ ಅಂದರೆ ಏನು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಶೀನ್ ಮಾಡುತ್ತಿದ್ದ ಊರು ಅದು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು, ಆದರೂ ಹಳೇ ಟರ್ನರ್‌ಗಳ ಕೈಕೆಲಸವನ್ನು ಜನ ಇನ್ನೂ ನೆನೆಸ್ತಾರೆ. ಒಬ್ಬ ಟರ್ನರ್ ಜಾಣ ಆದರೆ ಪಕ್ಕದ ಟರ್ನರ್‌ಗೆ ಲಾಸ್ ಆಗಬೇಕಾಗಿಲ್ಲ. ಕೆಲಸ ಚೆನ್ನಾಗಾಯ್ತು ಅಂದರೆ ಕೊಂಡವನಿಗೂ ಲಾಭ. ಇಲ್ಲಿ ಹಾಗಲ್ಲ. ಒಬ್ಬನ ಕೌಶಲ ಫಲ ಕೊಡಬೇಕಾದರೆ ಇನ್ನೊಬ್ಬ ಸೋಲಲೇಬೇಕು, ಸೋತವನು ನಾಳೆ ಮತ್ತೆ ಬರಲೇಬೇಕು.

ಕುಸ್ತಿಯೂ ಕೌಶಲದ ಆಟವೇ. ದಾವಣಗೆರೆ ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿದವರಿಗೆ ಗೊತ್ತಿದೆ, ಅಖಾಡಕ್ಕೆ ಇಳಿಸೋ ಮೊದಲು ಜೋಡಿ ನೋಡ್ತಾರೆ. ಮೊನ್ನೆ ಗರಡಿಗೆ ಸೇರಿದ ಹುಡುಗನನ್ನು ಹೆಸರಾಂತ ಪೈಲ್ವಾನನ ಎದುರು ನಿಲ್ಲಿಸಿದರೆ ಜನವೇ ಬೈತಾರೆ. ಫ್ಯಾಂಟಸಿ ಕ್ರಿಕೆಟ್ಟಿನ ದೊಡ್ಡ ಸ್ಪರ್ಧೆಯಲ್ಲಿ ಈ ಜೋಡಿ ಎಲ್ಲಿ ನೋಡ್ತಿದ್ದರು? ಒಂದು ಕಡೆ ಟೀಮು ಒಂದು ಹಾಕಿ ದೇವರ ಮೇಲೆ ಭಾರ ಹಾಕಿದ ಮಲೇಬೆನ್ನೂರಿನ ಹುಡುಗ. ಇನ್ನೊಂದು ಕಡೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಒಂದೇ ಮ್ಯಾಚಿಗೆ ಹತ್ತಾರು ಟೀಮು ಇಳಿಸುವವನು. ಇಬ್ಬರೂ ಒಂದೇ ಅಖಾಡ. ಇದನ್ನು ಕೌಶಲ ಅಂತ ಕರೀರಿ, ಬೇಡ ಅನ್ನಲ್ಲ. ಆದರೆ ಯಾರ ಕೌಶಲ ಅಂತ ಕೇಳಲೇಬೇಕು.

ಇನ್ನೊಂದು ಕೌಶಲದ ಬಗ್ಗೆ ನನ್ನ ಕಸುಬಿನವನೇ ಮಾತಾಡಬೇಕು. ಆಪ್ ಬರೆಯುವವರ ಕೌಶಲ. ಸಾಫ್ಟ್‌ವೇರ್ ಲೋಕದಲ್ಲಿ ಎ/ಬಿ ಟೆಸ್ಟ್ ಅಂತ ಒಂದಿದೆ. ಅರ್ಧ ಜನಕ್ಕೆ ಹಸಿರು ಬಟನ್, ಅರ್ಧ ಜನಕ್ಕೆ ಕೆಂಪು ಬಟನ್ ತೋರಿಸೋದು, ಯಾವುದನ್ನು ಹೆಚ್ಚು ಒತ್ತುತ್ತಾರೋ ಅದನ್ನು ಎಲ್ಲರಿಗೂ ಇಡೋದು. ಹೊಸಬ ಒಂದನೇ ದಿನ, ಏಳನೇ ದಿನ, ಮೂವತ್ತನೇ ದಿನ ವಾಪಸ್ ಬಂದನಾ ಅಂತ ಅಳೆಯೋದು. ಬ್ಯಾಂಕ್ ಆಪ್‌ಗೂ, ಊಟ ತರಿಸೋ ಆಪ್‌ಗೂ ಇದನ್ನೇ ಮಾಡ್ತಾರೆ, ತಪ್ಪೇನಿಲ್ಲ. ಆದರೆ ಸೋತು ಬೇಜಾರಾಗಿರೋ ಮನುಷ್ಯನ ಮೇಲೆ ಇದೇ ಅಸ್ತ್ರ ಬಿಟ್ಟರೆ? ರಾತ್ರಿ ಹನ್ನೊಂದಕ್ಕೆ "ನಿಮಗಾಗಿ 100 ರೂಪಾಯಿ ಬೋನಸ್" ಅಂತ ಮೆಸೇಜು ಬರ್ತದೆ. ಯಾರಿಗೆ, ಯಾವಾಗ ಕಳಿಸಿದರೆ ವಾಪಸ್ ಬರ್ತಾನೆ ಅಂತ ಲೆಕ್ಕ ಹಾಕಿ ಕಳಿಸೋದು ನಮ್ಮ ಕಸುಬಿನವರಿಗೆ ಕಷ್ಟದ ಕೆಲಸವೇ ಅಲ್ಲ. ಅಂದಮೇಲೆ "ದಡ್ಡ ಸೋಲ್ತಾನೆ" ಅನ್ನೋದು ಅರ್ಧ ಮಾತು. ಒಬ್ಬ ಹುಡುಗನ ಎದುರು ಬಿಇ, ಎಂಟೆಕ್ ಮಾಡಿದವರ ಒಂದು ತಂಡವೇ ಕೂತಿರುತ್ತದೆ.

ಈಗ ಎರಡನೇ ಅಭಿಪ್ರಾಯ. ಟಿವಿಯಲ್ಲಿ ಚರ್ಚೆ ನೋಡಿ, ಹಿಂದೆ ಢಂ ಢಂ ಮ್ಯೂಸಿಕ್ಕು, ಪರದೆಯ ಅರ್ಧ ಭಾಗದಲ್ಲಿ ಪಬ್ಜಿ, ಇನ್ನರ್ಧದಲ್ಲಿ ರಮ್ಮಿ. ಎರಡೂ ಒಂದೇ ಅನ್ನೋ ಹಾಗೆ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಮೊಬೈಲ್ ನಿಷೇಧ ಆಗಿದ್ದು ಮಕ್ಕಳ ಚಟದ ಕಾರಣಕ್ಕಲ್ಲ. ಒಟ್ಟು 118 ಆಪ್‌ಗಳನ್ನು ದೇಶದ ಭದ್ರತೆ, ಮಾಹಿತಿ ಸುರಕ್ಷತೆ ಅಂತ ಹೇಳಿ ತೆಗೆದರು, ಅದರಲ್ಲಿ ಇದೂ ಒಂದು. ಮುಂದಿನ ವರ್ಷವೇ ಬೇರೆ ಹೆಸರಲ್ಲಿ ಅದೇ ಥರದ ಆಟ ಬಂತು, ಮಧ್ಯೆ ಒಮ್ಮೆ ಮಾಯವಾಯ್ತು, ಮತ್ತೆ ಬಂತು. ಚಟ ಇಲ್ಲ ಅಂತ ನಾನು ಹೇಳ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥವರಿಗಾಗಿ ಪ್ರತ್ಯೇಕ ಕ್ಲಿನಿಕ್ ಇದೆ. ಆದರೆ ಆಟದ ಮೇಲೆ ಹಿಡಿತ ತಪ್ಪಬೇಕು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗಬೇಕು, ಹಾನಿ ಆಗ್ತಿದ್ದರೂ ಬಿಡೋಕಾಗಬಾರದು, ಸಾಮಾನ್ಯವಾಗಿ ಒಂದು ವರ್ಷ ಹೀಗಿರಬೇಕು. ಆಗಷ್ಟೇ ಅದು ಕಾಯಿಲೆ. ಭಾನುವಾರ ನಾಲ್ಕು ಜನ ಗೆಳೆಯರು ಸೇರಿ ಎರಡು ಗಂಟೆ ಶೂಟಿಂಗ್ ಗೇಮ್ ಆಡಿದರೆ ಕಾಯಿಲೆ ಅಲ್ಲ. ಅಲ್ಲಿ ಹೋಗೋದು ಟೈಮು, ಇಲ್ಲಿ ಹೋಗೋದು ಜೋಳದ ದುಡ್ಡು. ಎರಡನ್ನೂ ಸೇರಿಸಿ ಕೂಗಿದರೆ ಹುಡುಗರು ಎರಡನ್ನೂ ನಂಬಲ್ಲ.

ಮೂರನೇದು, ಬ್ಯಾನ್ ಮಾಡಿದರೆ ಉಪಯೋಗ ಇಲ್ಲ ಅನ್ನೋದು. ಇದಕ್ಕೆ ನಮ್ಮಲ್ಲೇ ಅನುಭವ ಇದೆ. ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ದಿನಗೂಲಿ ದುಡ್ಡನ್ನು ಅಲ್ಲೇ ಸುರಿದು ಹೋಗುತ್ತಿದ್ದ ಸಾಲು ಮಾಯವಾಯ್ತು. ಓಸಿ, ಮಟ್ಕಾ ಮಾತ್ರ ನಿಲ್ಲಲಿಲ್ಲ. ಈಗಲೂ ಹಂಗೇ ಆಗ್ತಿದೆ. ಕಾಯ್ದೆಗೆ ಅಂಕಿತ ಬಿದ್ದ ಮರುದಿನವೇ ನಮ್ಮ ಪಕ್ಕದ ಚಿತ್ರದುರ್ಗದ ಶಾಸಕರೊಬ್ಬರನ್ನು ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಇ.ಡಿ. ಸಿಕ್ಕಿಂನ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಆರೋಪ ಕೋರ್ಟಿನಲ್ಲಿ ಸಾಬೀತಾಗಬೇಕು, ಅದು ಬೇರೆ. ಕಳ್ಳದಾರಿ ಎಷ್ಟು ಅಗಲ ಇದೆ ಅನ್ನೋ ಅನುಮಾನವಂತೂ ಊರಿಗೆಲ್ಲ ಬಂತು.

ಆದರೂ ಕಳ್ಳದಾರಿಗೂ ರಾಜಮಾರ್ಗಕ್ಕೂ ವ್ಯತ್ಯಾಸ ಇದೆ. ಓಸಿ ಚೀಟಿ ಬರೆಸೋನು ಅದನ್ನು ಮಡಚಿ ಒಳಜೇಬಿಗೆ ಹಾಕ್ತಾನೆ, ಅಪ್ಪ ಕಂಡರೆ ಪಕ್ಕಕ್ಕೆ ಸರೀತಾನೆ. ಆಪ್‌ನವರ ಹೆಸರು 2023ರಿಂದ ಭಾರತ ತಂಡದ ಆಟಗಾರರ ಎದೆಯ ಮೇಲೇ ಇತ್ತು. ಸಿನಿಮಾ ನಟರು ಬಂದು ಆಡಿ ಅಂದರು. ಆ ನಾಚಿಕೆ, ಆ ಹಿಂಜರಿಕೆ ಅನ್ನೋದು ಬಡವರ ಮನೆಯ ಕಾವಲು. ಅದನ್ನು ಜಾಹೀರಾತು ಕಿತ್ತು ಹಾಕಿತ್ತು. ಕಾಯ್ದೆ ಬೇರೇನೂ ಮಾಡದಿದ್ದರೂ ಜಾಹೀರಾತು ನಿಲ್ಲಿಸಿದ್ದು ದೊಡ್ಡ ಕೆಲಸ.

ಹಾಗಂತ ಸರ್ಕಾರಕ್ಕೆ ಹಾರ ಹಾಕೋಕೂ ನಾನು ತಯಾರಿಲ್ಲ. 2023ರ ಅಕ್ಟೋಬರ್‌ನಿಂದ ಇದೇ ಆಟಗಳಿಗೆ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಎತ್ತಿದರು, ಗೆದ್ದ ದುಡ್ಡಿನಲ್ಲಿ ಶೇ 30 ಟಿಡಿಎಸ್ ಹಿಡಿದರು. ಅಂದರೆ ಎರಡು ವರ್ಷ ಆ ಮನೆಯಲ್ಲಿ ಪಾಲುದಾರರಾಗಿದ್ದರು. ನಿಷೇಧ ಮಾಡಿದ ಮುಂದಿನ ತಿಂಗಳು ಜಿಎಸ್‌ಟಿ ದರ ಬದಲಾದಾಗ ಶೇ 40ರ ಪಟ್ಟಿಯಲ್ಲೂ ಇದಕ್ಕೆ ಜಾಗ ಸಿಕ್ಕಿತು! ಇನ್ನು, 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ಕಳಕೊಳ್ಳುತ್ತಾರೆ ಅನ್ನೋದು ಸರ್ಕಾರದ ಅಂದಾಜು. ಭಾಗಿಸಿ ನೋಡಿ, ತಲೆಗೆ 450 ರೂಪಾಯಿಯೂ ಬರಲ್ಲ. ಇಷ್ಟಕ್ಕೆ ಯಾವ ಮನೆಯೂ ಮುಳುಗಲ್ಲ. ಮುಳುಗಿದ್ದು ಯಾಕೆಂದರೆ ಕೋಟಿಗಟ್ಟಲೆ ಜನ ಐವತ್ತು ನೂರು ಕಳಕೊಂಡರು, ಕೆಲವರು ಎಲ್ಲಾ ಕಳಕೊಂಡರು. ಆ ಕೆಲವರು ಎಷ್ಟು ಮಂದಿ, ಎಂಥವರು ಅನ್ನೋ ಲೆಕ್ಕ ಆಪ್‌ಗಳ ಸರ್ವರ್‌ನಲ್ಲಿ ಪೈಸೆ ಪೈಸೆ ಇದೆ. ಅದನ್ನು ಜನರ ಮುಂದೆ ಇಡಿಸುವ ಮಾತು ಆ ಮೂರು ದಿನದಲ್ಲಿ ಬರಲೇ ಇಲ್ಲ.

ಲೆಕ್ಕ ಜನರ ಮುಂದೆ ಇಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಷೇರುಪೇಟೆ ನೋಡಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರದಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಣ್ಣ ಹೂಡಿಕೆದಾರರು ದುಡ್ಡು ಕಳಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು ಅಂತ 2024ರಲ್ಲಿ ಸೆಬಿಯೇ ಹೇಳಿತು. ಅಲ್ಲೂ ಅದೇ ಕಥೆ. ಬ್ರೋಕರ್ ಕಮಿಷನ್ ಮೊದಲು, ತೆರಿಗೆ ಆಮೇಲೆ, ಎದುರಿಗೆ ಕೂತವನು ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ಪೈಲ್ವಾನ. ಅಲ್ಲೂ ಕೌಶಲದ್ದೇ ಮಾತು. ಹತ್ತರಲ್ಲಿ ಒಂಬತ್ತು ಜನ ಸೋಲ್ತಾರೆ ಅಂತ ಲಾಗಿನ್ ಆದ ಕೂಡಲೇ ತೋರಿಸಬೇಕು ಅನ್ನೋ ನಿಯಮ 2023ರಿಂದ ಇದೆ. ಅದನ್ನು ಓದುವ ಬದಲು ಓಕೆ ಒತ್ತಿ ಮುಂದೆ ಹೋಗೋರೇ ಹೆಚ್ಚು. ರಮ್ಮಿ ಬಿಟ್ಟ ಹುಡುಗರು ಈಗ "ಅಣ್ಣ, ಬ್ಯಾಂಕ್ ನಿಫ್ಟಿ ಹೆಂಗೈತಿ?" ಅಂತ ಕೇಳೋಕೆ ಶುರು ಮಾಡಿದ್ದಾರೆ. ಮನೆಯವರು ಬೈಯಲ್ಲ, ಯಾಕಂದ್ರೆ ಇದಕ್ಕೆ ಹೂಡಿಕೆ ಅಂತ ಹೆಸರು.

ಹೆಸರು ನೋಡಿ ತೀರ್ಪು ಕೊಡೋದು ನಿಲ್ಲಿಸೋಣ ಅಂತಷ್ಟೇ ನನ್ನ ಕೋರಿಕೆ. ಆಟ ಅನ್ನಲಿ, ಹೂಡಿಕೆ ಅನ್ನಲಿ, ನಾಳೆ ಇನ್ನೇನೋ ಹೊಸ ಹೆಸರಲ್ಲಿ ಬರಲಿ, ದುಡ್ಡು ಹಾಕುವ ಮೊದಲು ಕೇಳಬೇಕಾದ್ದು ಮೂರೇ. ನಾನು ಗೆದ್ದರೂ ಸೋತರೂ ಪಾಲು ತಗೊಳ್ಳೋನು ಯಾರು? ನನ್ನ ಎದುರು ಅಖಾಡದಲ್ಲಿ ಇರೋನು ಎಷ್ಟು ತೂಕದವನು? ಹೋದ ವರ್ಷ ಇಲ್ಲಿಗೆ ಬಂದ ನೂರು ಜನರಲ್ಲಿ ದುಡ್ಡು ಉಳಿಸಿಕೊಂಡು ಮನೆಗೆ ಹೋದವರು ಎಷ್ಟು ಜನ? ಮೂರನೇ ಪ್ರಶ್ನೆಗೆ ಉತ್ತರ ಕೊಡದ ಆಪ್‌ಗೆ ಒಂದು ರೂಪಾಯಿಯೂ ಹೋಗಬಾರದು. ಕೊಟ್ಟರೂ ಅದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಓಕೆ ಬಟನ್‌ಗಿಂತ ಮೇಲೆ ಇರಬೇಕು. ಅಷ್ಟು ಕೋಡ್ ಬರೆಯೋಕೆ ಒಂದು ಮಧ್ಯಾಹ್ನ ಸಾಕು. ಇದನ್ನು ಕಸುಬು ಗೊತ್ತಿರೋದರಿಂದಲೇ ಹೇಳ್ತಿದೀನಿ.