ಗೋಲಗುಮ್ಮಟದಲ್ಲಿ ನಮ್ಮದೇ ಧ್ವನಿ

ಸವದತ್ತಿ ತಾಲೂಕಿನ ಉಗರಗೋಳದವರಿಗೆ ಯಾತ್ರೆ ಹೊಸದಲ್ಲ. ಊರಿನ ಪಕ್ಕದಲ್ಲೇ ಯಲ್ಲಮ್ಮನ ಗುಡ್ಡವಿದೆ. ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಲ್ಲಿ ನಾಡಿನ ಜನವೆಲ್ಲ ಇವರ ಮನೆ ಬಾಗಿಲ ಮುಂದೆಯೇ ಹಾದು ಹೋಗುತ್ತದೆ. ಆದರೆ ಯಾತ್ರೆ ಬೇರೆ, ಪ್ರವಾಸ ಬೇರೆ. ಯಾತ್ರೆಗೆ ಹೋದವನು ತಲೆ ಬಾಗಿಸಿ ನಿಲ್ಲುತ್ತಾನೆ. ಪ್ರವಾಸಕ್ಕೆ ಹೋದವನು ತಲೆ ಎತ್ತಿ ನೋಡುತ್ತಾನೆ. ಎರಡು ದಿನ ಬಿಡುವು ಸಿಕ್ಕರೆ ಒಂದು ನಗರ ನೋಡಿ ಬರೋಣ ಎಂಬ ಆಸೆ ಈಗ ಹಳ್ಳಿಗಳಿಗೂ ಬಂದಿದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ನಂತರ ಹೆಣ್ಣುಮಕ್ಕಳು ಬಸ್ಸಿನ ದುಡ್ಡಿಗಾಗಿ ಯಾರ ಮುಂದೆಯೂ ಕೈ ಚಾಚದೆ ಹೊರಡುತ್ತಿದ್ದಾರೆ. ಇದು ಸಣ್ಣ ಬದಲಾವಣೆಯಲ್ಲ.

ಹಾಗೆ ಹೊರಟವರು ಎಲ್ಲಿಗೆ ಹೋಗುತ್ತಾರೆ? ಈ ಭಾಗದ ಶಾಲಾ ಪ್ರವಾಸಗಳಿಗೂ ಕುಟುಂಬದ ಪ್ರವಾಸಗಳಿಗೂ ವಿಜಯಪುರ ಒಂದು ಖಾಯಂ ನಿಲ್ದಾಣ. ಯರಗಟ್ಟಿ, ಲೋಕಾಪುರದ ದಾರಿ ಹಿಡಿದು ಬೆಳಗಿನ ಜಾವ ಹೊರಟರೆ ಮಧ್ಯಾಹ್ನದೊಳಗೆ ಗೋಲಗುಮ್ಮಟ ಕಣ್ಣಿಗೆ ಬೀಳುತ್ತದೆ. ಅಲ್ಲಿ ಒಂದು ತಾಸು, ಇಬ್ರಾಹಿಂ ರೋಜಾದಲ್ಲಿ ಅರ್ಧ ತಾಸು, ಮಲಿಕ್-ಎ-ಮೈದಾನ್ ತೋಪಿನ ಪಕ್ಕ ನಿಂತು ಒಂದು ಫೋಟೊ. ಬರುವಾಗ ಆಲಮಟ್ಟಿಯ ಉದ್ಯಾನ. ಅಲ್ಲಿಗೆ ಪ್ರವಾಸ ಮುಗಿಯಿತು. ಈ ಪ್ರವಾಸದ ಬಗ್ಗೆಯೇ ನನಗೊಂದು ತಕರಾರಿದೆ. ತಕರಾರು ಹೋಗುವುದರ ಬಗ್ಗೆ ಅಲ್ಲ, ನಾವು ನೋಡಿ ಬರುವ ರೀತಿಯ ಬಗ್ಗೆ.

ಗೋಲಗುಮ್ಮಟದ ಮೇಲಿನ ಮೊಗಸಾಲೆಯನ್ನು ನೆನಪಿಸಿಕೊಳ್ಳಿ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತಿ ಅಲ್ಲಿಗೆ ತಲುಪುತ್ತೇವೆ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಅದಕ್ಕೇ ಅದನ್ನು ಪಿಸುಮಾತಿನ ಮೊಗಸಾಲೆ ಎನ್ನುವುದು. ಆದರೆ ಪ್ರವಾಸಿಗರು ಅಲ್ಲಿ ಮಾಡುವುದೇನು? ಕಿರುಚುತ್ತಾರೆ, ಸಿಳ್ಳೆ ಹೊಡೆಯುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ತಮ್ಮ ಧ್ವನಿ ಏಳೆಂಟು ಸಲ ತಮಗೇ ಮರಳಿದ್ದನ್ನು ಕೇಳಿ ಸಂತೋಷಪಡುತ್ತಾರೆ. ಒಬ್ಬರ ಪಿಸುಮಾತು ಇನ್ನೊಬ್ಬರಿಗೆ ಕೇಳಿಸುವ ಜಾಗದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಕೆಳಗೆ ಮುಹಮ್ಮದ್ ಆದಿಲ್ ಶಾಹಿಯ, ಅವನ ಮನೆಯವರ ಗೋರಿಗಳಿವೆ. ತಾವು ನಿಂತಿರುವುದು ಒಂದು ಸಮಾಧಿಯಲ್ಲಿ ಎಂಬುದು ಎಷ್ಟು ಮಂದಿಗೆ ನೆನಪಿರುತ್ತದೆ?

ಮಕ್ಕಳನ್ನು ಬೈಯುವುದು ಸುಲಭ. ಆದರೆ ದೊಡ್ಡವರಾದ ನಾವೂ ಇಡೀ ವಿಜಯಪುರದಲ್ಲಿ ಮಾಡುತ್ತಿರುವುದು ಅದನ್ನೇ. ನಮ್ಮ ತಲೆಯಲ್ಲಿ ಮೊದಲೇ ಇದ್ದುದನ್ನು ಆ ಕಲ್ಲುಗಳ ಮುಂದೆ ಕೂಗಿ, ಅದರ ಪ್ರತಿಧ್ವನಿಯನ್ನೇ ಇತಿಹಾಸ ಎಂದುಕೊಂಡು ಮರಳುತ್ತೇವೆ.

ಒಬ್ಬರು ಬಂದು, ‘ಇದು ಅವರದ್ದು, ಹಂಪಿಯನ್ನು ಹಾಳು ಮಾಡಿದವರದ್ದು’ ಎನ್ನುತ್ತಾರೆ. ಇನ್ನೊಬ್ಬರು ಬಂದು, ‘ಇದು ನಮ್ಮದು, ನಮ್ಮ ಗತವೈಭವ’ ಎಂದು ಎದೆ ತಟ್ಟಿಕೊಳ್ಳುತ್ತಾರೆ. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತದ್ದು, ಆ ಗೆಲುವಿನ ಸಂಪತ್ತು ವಿಜಯಪುರದ ಕಟ್ಟಡಗಳಿಗೆ ಹರಿದದ್ದು ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ವಿಜಯಪುರವನ್ನು 1686ರಲ್ಲಿ ಮುಗಿಸಿದವನು ಮೊಘಲ್ ದೊರೆ ಔರಂಗಜೇಬ್ ಎಂಬುದೂ ಅಷ್ಟೇ ನಿಜ. ಶಿವಾಜಿಯ ತಂದೆ ಶಹಾಜಿ ಇದೇ ಆದಿಲ್ ಶಾಹಿಗಳ ಸರದಾರನಾಗಿದ್ದ. ದೊರೆ ಎರಡನೆಯ ಇಬ್ರಾಹಿಂ ದಖನಿ ಭಾಷೆಯಲ್ಲಿ ಹಾಡುಗಳನ್ನು ಬರೆದ. ಅವನ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯ ಸ್ತುತಿಯಿದೆ, ಪ್ರವಾದಿಯವರ ಸ್ಮರಣೆಯಿದೆ, ಕಲಬುರಗಿಯ ಬಂದೇನವಾಜರ ಸ್ಮರಣೆಯೂ ಇದೆ. ಈ ನಗರ ‘ಅವರದ್ದು’ ಎನ್ನುವವರಿಗೂ ‘ನಮ್ಮದು’ ಎನ್ನುವವರಿಗೂ ಪೂರ್ತಿಯಾಗಿ ಒಗ್ಗುವುದಿಲ್ಲ. ಹಾಗಾಗಿ ಇಬ್ಬರೂ ತಮಗೆ ಬೇಕಾದಷ್ಟನ್ನೇ ನೋಡಿ ಬಸ್ಸು ಹತ್ತುತ್ತಾರೆ.

ಮುಸ್ಲಿಮರಾದ ನಾವು ಇಲ್ಲಿ ಸ್ವಲ್ಪ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಗೋರಿಯ ಮೇಲೆ ಇಷ್ಟು ದೊಡ್ಡ ಗುಮ್ಮಟ ಕಟ್ಟಿದ್ದು ದೊರೆಗಳ ಹಂಬಲ, ಧರ್ಮದ ಬೇಡಿಕೆಯಲ್ಲ. ವಿಜಯಪುರವನ್ನು ಗೆದ್ದ ಔರಂಗಜೇಬನ ಗೋರಿಯೇ ಖುಲ್ದಾಬಾದಿನಲ್ಲಿ ಗುಮ್ಮಟವಿಲ್ಲದೆ, ತೆರೆದ ಆಕಾಶದ ಕೆಳಗಿದೆ. ಗುಮ್ಮಟದ ಅಳತೆ ಹೇಳಿ ಹೆಮ್ಮೆಪಡುವವರು ಅದೇ ದೊರೆಗಳು ಜನರಿಗಾಗಿ ಕಟ್ಟಿಸಿದ್ದು ಏನಾಯಿತು ಎಂದು ಕೇಳಿದ್ದೇವೆಯೇ?

ಅವರು ಜನರಿಗಾಗಿ ಕಟ್ಟಿಸಿದ್ದು ನೀರು. ವಿಜಯಪುರ ಬರದ ಸೀಮೆ. ಅಂಥ ಜಾಗದಲ್ಲಿ ಒಂದು ರಾಜಧಾನಿ ಬಾಳಿದ್ದು ಗುಮ್ಮಟಗಳ ಬಲದಿಂದಲ್ಲ. ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. 1651ರಲ್ಲಿ ಬೇಗಂ ತಲಾಬ್ ಕಟ್ಟಲಾಯಿತು. ನೀರಿನ ಒತ್ತಡ ತಗ್ಗಿಸಲು ದಾರಿಯಲ್ಲಿ ಗಂಜ್ ಎಂಬ ಗೋಪುರಗಳಿದ್ದವು. 1620ರ ಹೊತ್ತಿಗೆ ಇಬ್ರಾಹಿಂ ರೋಜಾದ ಶಿಲ್ಪಿ ಮಲಿಕ್ ಸಂದಲ್ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ತಾಜ್ ಬಾವಡಿ ಕಟ್ಟಿದ. ದಾರಿಹೋಕರು ತಂಗಲು ಅದರ ಬದಿಗಳಲ್ಲಿ ಕೋಣೆಗಳಿವೆ. ಅದೇ ಬಾವಡಿ ಒಂದು ಕಾಲಕ್ಕೆ ಕಸ ಎಸೆಯುವ, ಗಣಪತಿ ಮುಳುಗಿಸುವ ಗುಂಡಿಯಾಗಿತ್ತು. 2010ರ ದಶಕದಲ್ಲಿ ಹೂಳು ತೆಗೆದು ಸ್ವಚ್ಛಗೊಳಿಸಲಾಯಿತು. ಆದರೂ ಪ್ರವಾಸದ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ. ನವಿಲುತೀರ್ಥದ ಅಣೆಕಟ್ಟಿನ ಮಗ್ಗುಲಲ್ಲೇ ಇದ್ದೂ ಬೇಸಿಗೆಯ ಕಷ್ಟ ಬಲ್ಲ ನಮ್ಮ ಸವದತ್ತಿ ಸೀಮೆಯ ರೈತನಿಗೆ ಗುಮ್ಮಟಕ್ಕಿಂತ ಹೆಚ್ಚು ಅರ್ಥವಾಗುವುದು ಆ ಬಾವಡಿ. ಅವನಿಗೇ ಅದನ್ನು ಯಾರೂ ತೋರಿಸುವುದಿಲ್ಲ.

ಇನ್ನು ನಗರದ ಹೊಸ ಮುಖ. ಆದಿಲ್ ಶಾಹಿಗಳ ನಂತರ ವಿಜಯಪುರ ಸತ್ತೇ ಹೋಯಿತು ಎಂಬಂತೆ ನಾವು ಮಾತಾಡುತ್ತೇವೆ. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೇ ಅರಮನೆಗಳು ರಿಪೇರಿಯಾಗಿ ಕಚೇರಿಗಳಾದವು. ಒಂದು ಮಸೀದಿ ಪ್ರವಾಸಿ ಬಂಗಲೆಯಾಯಿತು, ಇನ್ನೊಂದು ಅಂಚೆ ಕಚೇರಿಯಾಯಿತು. ಕೊನೆಗೆ ವೈಸರಾಯ್ ಕರ್ಜನ್ ಅವುಗಳನ್ನು ತೆರವು ಮಾಡಿಸಬೇಕಾಯಿತು. ಸ್ಮಾರಕಗಳನ್ನು ಕಾಯುವ ಕಾನೂನು ಬಂದದ್ದು 1904ರಲ್ಲಿ. ಅದೇ 1904ರಲ್ಲಿ ಧಾರವಾಡದ ಒಬ್ಬ ಯುವಕ ವಕೀಲಿಗಾಗಿ ಈ ಊರಿಗೆ ಬಂದ. ಫ. ಗು. ಹಳಕಟ್ಟಿ ಅವನ ಹೆಸರು. ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದ. ಮನೆ ಮಾರಿ ಛಾಪಖಾನೆ ಹಾಕಿದ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದ. ಇಂದು ನಾವು ಬಾಯಲ್ಲಿ ಹೇಳುವ ಎಷ್ಟೋ ವಚನಗಳು ಅಚ್ಚಾಗಿ ನಾಡಿಗೆ ಬಂದದ್ದು ಗುಮ್ಮಟದ ನೆರಳಿನ ಈ ಊರಿನಿಂದ. ಬಸವಣ್ಣನ ಬಾಗೇವಾಡಿಯೂ ಇದೇ ಜಿಲ್ಲೆಯಲ್ಲಿದೆ. ಗೋಲಗುಮ್ಮಟ ನೋಡಲು ಬಂದ ಶಾಲೆಯ ಮಕ್ಕಳಿಗೆ ಹಳಕಟ್ಟಿಯವರ ಹೆಸರನ್ನೂ ಅಲ್ಲಿ ಹೇಳಿದರೆ ‘ಅವರು’, ‘ನಾವು’ ಎಂಬ ಗೋಡೆಯಲ್ಲಿ ಒಂದು ಕಿಟಕಿಯಾದರೂ ತೆರೆದೀತು.

ಹಳತು ಹೊಸತು ಜೊತೆಗಿರುವ ನಗರ ಎಂದರೆ ಪ್ರವಾಸದ ಪುರವಣಿಗಳು ನಮಗೆ ಯುರೋಪನ್ನು, ಅದರಲ್ಲೂ ಜರ್ಮನಿಯ ನಗರಗಳನ್ನು ತೋರಿಸುತ್ತವೆ. ಇರಲಿ, ಒಂದನ್ನು ನೋಡಿಯೇ ಬಿಡೋಣ. ರೈನ್ ನದಿಯ ದಂಡೆಯಲ್ಲಿರುವ ಕೊಲೋನ್ ರೋಮನ್ನರ ಕಾಲದ ಊರು. ಅಲ್ಲಿನ ದೊಡ್ಡ ಚರ್ಚಿನ ಕೆಲಸ 1248ರಲ್ಲಿ ಶುರುವಾಗಿ, ನಡುವೆ ಶತಮಾನಗಳ ಕಾಲ ನಿಂತು, 1880ರಲ್ಲಿ ಮುಗಿಯಿತು. 1942ರ ಮೇ ಕೊನೆಯ ಒಂದೇ ರಾತ್ರಿ ಸಾವಿರದಷ್ಟು ಬ್ರಿಟಿಷ್ ವಿಮಾನಗಳು ಅದರ ಮೇಲೆ ಬಾಂಬು ಹಾಕಿದವು. ಯುದ್ಧ ಮುಗಿಯುವ ಹೊತ್ತಿಗೆ ಹಳೇ ಊರಿನ ಬಹುಪಾಲು ನೆಲಸಮವಾಗಿತ್ತು.

ಅಲ್ಲಿ ಸೇಂಟ್ ಕೊಲುಂಬಾ ಎಂಬ ಚರ್ಚೂ ಹಾಳಾಯಿತು. ಅವಶೇಷದ ನಡುವೆ 1950ರಲ್ಲಿ ಗಾಟ್‌ಫ್ರೀಡ್ ಬೋಮ್ ಎಂಬ ವಾಸ್ತುಶಿಲ್ಪಿ ಒಂದು ಸಣ್ಣ ಪ್ರಾರ್ಥನಾಲಯ ಕಟ್ಟಿದ. 2007ರಲ್ಲಿ ಪೀಟರ್ ಝುಮ್ಥೋರ್ ಆ ಮುರಿದ ಗೋಡೆಗಳ ಮೇಲೆಯೇ ಬೂದು ಬಣ್ಣದ ಹೊಸ ಇಟ್ಟಿಗೆ ಏರಿಸಿ ವಸ್ತುಸಂಗ್ರಹಾಲಯ ಕಟ್ಟಿದ. ಹಳೇ ಕಲ್ಲು ಎಲ್ಲಿ ಮುಗಿಯಿತು, ಹೊಸ ಇಟ್ಟಿಗೆ ಎಲ್ಲಿ ಶುರುವಾಯಿತು ಎಂಬುದು ನೋಡಿದವರಿಗೆ ಕಾಣಿಸುತ್ತದೆ. ಗಾಯವನ್ನು ಮುಚ್ಚಿಲ್ಲ, ಗಾಯ ತೋರಿಸಿ ಭಿಕ್ಷೆಯನ್ನೂ ಬೇಡಿಲ್ಲ. ಅದೇ ಗಾಟ್‌ಫ್ರೀಡ್ ಬೋಮನ ಮಗ ಪಾಲ್ ಬೋಮ್ ಅದೇ ಊರಿನ ಎರೆನ್‌ಫೆಲ್ಡ್‌ನಲ್ಲಿ ಗಾಜು ಮತ್ತು ಕಾಂಕ್ರೀಟಿನ ದೊಡ್ಡ ಮಸೀದಿಯ ನಕ್ಷೆ ಮಾಡಿದ. ತಂದೆ ಕಟ್ಟಿದ್ದು ಚರ್ಚಿನ ಅವಶೇಷದಲ್ಲಿ, ಮಗ ಕಟ್ಟಿದ್ದು ವಲಸೆ ಬಂದ ತುರ್ಕಿ ಕಾರ್ಮಿಕರ ಸಮುದಾಯಕ್ಕಾಗಿ.

ಹಾಗೆಂದು ಕೊಲೋನ್ ಸ್ವರ್ಗವೇನಲ್ಲ. ಆ ಮಸೀದಿಗೆ ವರ್ಷಗಟ್ಟಲೆ ವಿರೋಧ ನಡೆಯಿತು, ಬೀದಿಗಳಲ್ಲಿ ಪ್ರತಿಭಟನೆಗಳಾದವು. 2018ರಲ್ಲಿ ಅದರ ಅಧಿಕೃತ ಉದ್ಘಾಟನೆಯೂ ರಾಜಕೀಯ ವಿವಾದದ ನಡುವೆಯೇ ಆಯಿತು. ಶುಕ್ರವಾರದ ಅಜಾನ್ ಧ್ವನಿವರ್ಧಕದಲ್ಲಿ ಮೊದಲ ಬಾರಿಗೆ ಕೇಳಿಸಿದ್ದು 2022ರ ಅಕ್ಟೋಬರ್‌ನಲ್ಲಿ, ಅದೂ ಹಲವು ಷರತ್ತುಗಳೊಂದಿಗೆ. ಅದೇ ದೇಶದ ಫ್ರಾಂಕ್‌ಫರ್ಟ್ ನಗರವಂತೂ ಯುದ್ಧದಲ್ಲಿ ಕಳೆದುಕೊಂಡ ಹಳೇ ಪೇಟೆಯ ಒಂದು ಭಾಗವನ್ನು ಹಳೆಯದರಂತೆಯೇ ಹೊಸದಾಗಿ ಕಟ್ಟಿಕೊಂಡು 2018ರಲ್ಲಿ ಜನರಿಗೆ ತೆರೆಯಿತು. ನೋಡಲು ಚೆಂದ. ಆದರೆ ನಡುವೆ ಏನೂ ಆಗಿಲ್ಲ ಎಂಬಂತೆ ನಟಿಸುವ ಚೆಂದ ಅದು ಎಂದು ಟೀಕಿಸಿದವರೂ ಇದ್ದಾರೆ. ಜರ್ಮನಿಯಿಂದ ನಾವು ಕಲಿಯಬೇಕಾದದ್ದು ಅವರ ರಸ್ತೆಯ ಸ್ವಚ್ಛತೆಯನ್ನು ಮಾತ್ರವಲ್ಲ. ತಮ್ಮ ನಗರದ ಹಳತು ಹೊಸತಿನ ಬಗ್ಗೆ ಅವರು ಜಗಳವಾಡಿದ್ದಾರೆ, ಎದುರುಬದುರು ಕೂತು ವಾದ ಮಾಡಿದ್ದಾರೆ. ನಾವು ವಿಜಯಪುರದ ಬಗ್ಗೆ ಅಂಥ ವಾದ ಮಾಡಿದ್ದು ಕಡಿಮೆ. ನಮ್ಮ ಬಿಸಿಬಿಸಿ ಚರ್ಚೆ ಹೆಸರಿನ ಸುತ್ತಲೇ ಸುತ್ತಿತು. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆದರೆ ಬಾವಡಿಗಳ ನೀರು ಹೆಸರು ಬದಲಾದದ್ದರಿಂದ ತಿಳಿಯಾಗಲಿಲ್ಲ, ಹೂಳು ತೆಗೆದದ್ದರಿಂದ ತಿಳಿಯಾಯಿತು.

ಹಾಗಾದರೆ ಎರಡು ದಿನದ ಪ್ರವಾಸಿಗ ಏನು ಮಾಡಬೇಕು? ಅವನು ಸಂಶೋಧಕನಾಗಬೇಕಿಲ್ಲ. ಪಟ್ಟಿಯಲ್ಲಿ ಎರಡು ಮೂರು ಜಾಗ ಸೇರಿಸಿದರೆ ಸಾಕು. ಜಾಮಿಯಾ ಮಸೀದಿಗೆ ಹೋಗಲಿ. ಅದರ ನೆಲದಲ್ಲಿ 2,250 ಮಂದಿಗೆ ಒಬ್ಬೊಬ್ಬರಿಗೂ ಒಂದೊಂದು ಜಾಗ ಗುರುತು ಮಾಡಲಾಗಿದೆ, ಎಲ್ಲವೂ ಒಂದೇ ಅಳತೆ. ಅಲ್ಲಿ ಇಂದಿಗೂ ನಮಾಜ್ ನಡೆಯುತ್ತದೆ. ನಾಲ್ಕೂವರೆ ಶತಮಾನದ ಹಳೇ ಕಟ್ಟಡದಲ್ಲಿ ಇಂದಿನ ಶುಕ್ರವಾರ ಇದೆ. ತಾಜ್ ಬಾವಡಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರಲಿ. ಪೇಟೆಯಲ್ಲಿ ಒಂದು ರೊಟ್ಟಿ ಅಂಗಡಿಯಲ್ಲಿ ಉಂಡು, ಪಕ್ಕದಲ್ಲಿ ಕೂತವರ ಕನ್ನಡವನ್ನೂ ದಖನಿಯನ್ನೂ ಕೇಳಲಿ. ಒಂದೇ ವಾಕ್ಯದಲ್ಲಿ ಎರಡೂ ಬೆರೆತಿರುತ್ತವೆ. ಅದೂ ಸ್ಮಾರಕವೇ, ಆದರೆ ಅದಕ್ಕೆ ಟಿಕೆಟ್ ಇಲ್ಲ.

ಇಷ್ಟು ಹೇಳಿದ ಮೇಲೆ ಉಗರಗೋಳಕ್ಕೆ ಮರಳಬೇಕು. ಯಾಕೆಂದರೆ ನೋಡುವ ಕಣ್ಣು ತಯಾರಾಗುವುದು ಮನೆಯಲ್ಲೇ. ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿ. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಬಂದರೆ ಲಿಂಗಾಯತರೂ ಕುರುಬರೂ ಅಲಾಯಿ ಕುಣಿಯ ಸುತ್ತ ಕರ್ಬಲಾದ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಸರಸ್ವತಿಯನ್ನು ಹಾಡಿದ ದೊರೆಯ ಮಾತು ಹೇಳಿದರೆ ಈ ಜನಕ್ಕೆ ಆಶ್ಚರ್ಯವಾಗದು. ಅವರು ಬದುಕುತ್ತಿರುವುದೇ ಹಾಗೆ. ಆಶ್ಚರ್ಯವಾಗುವುದು ಅದನ್ನು ಮರೆತ ಓದಿದವರಿಗೆ.

ಮುಂದಿನ ಸಲ ನಮ್ಮ ಶಾಲೆಯ ಬಸ್ಸು ವಿಜಯಪುರಕ್ಕೆ ಹೊರಟಾಗ ಮಾಸ್ತರರು ಒಂದು ಕೆಲಸ ಮಾಡಲಿ. ಮೊಗಸಾಲೆಯಲ್ಲಿ ಮಕ್ಕಳನ್ನು ಎರಡು ಗುಂಪು ಮಾಡಿ ಎದುರುಬದುರು ನಿಲ್ಲಿಸಲಿ. ಒಂದು ಗುಂಪು ಗೋಡೆಗೆ ಬಾಯಿಟ್ಟು ತನ್ನ ಹೆಸರು, ಊರು ಹೇಳಲಿ. ಇನ್ನೊಂದು ಗುಂಪು ಕಿವಿಯಿಟ್ಟು ಸುಮ್ಮನೆ ಕೇಳಲಿ. ಆಮೇಲೆ ಸರದಿ ಬದಲಾಗಲಿ. ಕಟ್ಟಿದವರು ಆ ಗೋಡೆಯನ್ನು ಕಟ್ಟಿದ್ದು ಎಷ್ಟು ಚೆನ್ನಾಗಿ ಎಂಬುದು ಆಗ ಗೊತ್ತಾಗುತ್ತದೆ.